ಸಂಜೆ ಆರಕ್ಕೆ ಕೊಡುತ್ತೇವೆ ಎಂದ ಗಾಡಿ: ವಾಸ್ಕೋದ ಒಂದು ಗ್ಯಾರೇಜಿನ ಪ್ರಕರಣ ಅಧ್ಯಯನ

ಗೋವೆಯ ವಾಸ್ಕೋ ಡ ಗಾಮಾ ಪಟ್ಟಣದ ಅಂಚಿನಲ್ಲಿ, ಮುಖ್ಯರಸ್ತೆಯಿಂದ ಒಂದು ತಿರುವು ಒಳಗೆ, ದ್ವಿಚಕ್ರ ವಾಹನಗಳನ್ನು ರಿಪೇರಿ ಮಾಡುವ ಸಣ್ಣ ಗ್ಯಾರೇಜೊಂದಿದೆ. ಮಾಲೀಕರು ಹಾವೇರಿ ಜಿಲ್ಲೆಯವರು. ಮೀಸೆ ಮೂಡುವ ವಯಸ್ಸಿನಲ್ಲಿ ಗೋವೆಗೆ ಬಂದು, ಇನ್ನೊಬ್ಬರ ಗ್ಯಾರೇಜಿನಲ್ಲಿ ಪಾನಾ ಹಿಡಿದು ಕಲಿತು, ಬಹಳ ವರ್ಷಗಳ ನಂತರ ಸ್ವಂತದ್ದನ್ನು ತೆರೆದವರು. ಅವರ ಜೊತೆ ನಾಲ್ವರು ಕೆಲಸ ಮಾಡುತ್ತಾರೆ: ಐವತ್ತು ದಾಟಿದ ಹಿರಿಯ ಮೆಕ್ಯಾನಿಕ್, ಮೂವತ್ತರ ಆಸುಪಾಸಿನ ಇನ್ನೊಬ್ಬ, ಐಟಿಐ ಮುಗಿಸಿ ಬಂದ ಯುವಕ ಮತ್ತು ಈಗಷ್ಟೇ ಕೆಲಸ ಕಲಿಯುತ್ತಿರುವ ಒಬ್ಬ ಹುಡುಗ. ಎಲ್ಲರೂ ಹಾವೇರಿ, ಗದಗ, ಕೊಪ್ಪಳದ ಕಡೆಯವರು. ಗಿರಾಕಿಗಳಲ್ಲಿ ಬಂದರಿನ ನೌಕರರು, ವೆರ್ಣಾ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುವ ಕಾರ್ಮಿಕರು, ಊಟದ ಪಾರ್ಸೆಲ್ ತಲುಪಿಸುವ ಹುಡುಗರು ಇದ್ದಾರೆ. ಇವರೆಲ್ಲರಿಗಿಂತ ಮುಖ್ಯವಾದವರು ಪಾಯ್ಲಟರು. ಹಳದಿ ಮಡ್‌ಗಾರ್ಡಿನ ಬೈಕಿನಲ್ಲಿ ಒಬ್ಬೊಬ್ಬರೇ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವ ಬೈಕ್ ಟ್ಯಾಕ್ಸಿ ಚಾಲಕರನ್ನು ಗೋವೆಯಲ್ಲಿ ಹಾಗೆ ಕರೆಯುತ್ತಾರೆ. ಗಾಡಿ ನಿಂತರೆ ಅವರ ಆ ದಿನದ ಅನ್ನವೇ ನಿಲ್ಲುತ್ತದೆ.

ಈ ಗ್ಯಾರೇಜಿನ ಲೆಕ್ಕಪತ್ರಗಳನ್ನು ನೋಡಿಕೊಳ್ಳುವವಳು ನಾನು. ಮಾಲೀಕರ ಒಪ್ಪಿಗೆ ಪಡೆದು, ಅವರ ಇಚ್ಛೆಯಂತೆ ಯಾರ ಹೆಸರನ್ನೂ ಹೇಳದೆ ಇದನ್ನು ಬರೆಯುತ್ತಿದ್ದೇನೆ. ವಲಸೆ ಬಂದ ನಮ್ಮವರು ನಡೆಸುವ ಇಂಥ ನೂರಾರು ಸಣ್ಣ ಉದ್ಯಮಗಳು ಗೋವೆಯಲ್ಲಿವೆ. ಅವುಗಳಲ್ಲಿ ಬಹಳಷ್ಟು ಇದೇ ಕಾಯಿಲೆಯಿಂದ ನರಳುವುದನ್ನು ಕಂಡಿದ್ದೇನೆ.

ದೂರು ಏನಿತ್ತು

"ಹುಡುಗರಿಗೆ ಕೆಲಸದ ಮೇಲೆ ಮನಸ್ಸೇ ಇಲ್ಲ ಮೇಡಂ." ಮಾಲೀಕರು ಸಮಸ್ಯೆಯನ್ನು ನನ್ನ ಮುಂದೆ ಇಟ್ಟದ್ದು ಹೀಗೆ. ಅಂಗಳದ ತುಂಬ ಗಾಡಿಗಳಿದ್ದರೂ ಕೈಯಲ್ಲಿ ದುಡ್ಡು ಉಳಿಯುತ್ತಿರಲಿಲ್ಲ. ಸಂಜೆಯಾದರೆ ಗಿರಾಕಿಗಳ ಜೊತೆ ಜಗಳ. ಹಳೆಯ ಪಾಯ್ಲಟರು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗತೊಡಗಿದ್ದರು.

ಬಿಲ್ ಪುಸ್ತಕ ಬೇರೆ ಕಥೆ ಹೇಳುತ್ತಿತ್ತು. ಪೂರ್ತಿ ಸರ್ವಿಸಿನ ಬಿಲ್ಲುಗಳು ಕಡಿಮೆಯಾಗಿದ್ದವು. ಗಾಳಿ, ಬಲ್ಬು, ಕೇಬಲ್ಲಿನಂಥ ಚಿಲ್ಲರೆ ಕೆಲಸಗಳು ಮಾತ್ರ ಹಾಗೆಯೇ ಇದ್ದವು. ರಿಪೇರಿಯಾಗಿ ಹೋಗಿ ಅದೇ ದೋಷಕ್ಕೆ ಮರಳಿ ಬಂದ ಗಾಡಿಗಳು ಆ ಪುಸ್ತಕದಲ್ಲಿ ಕಾಣಿಸುತ್ತಲೇ ಇರಲಿಲ್ಲ, ಏಕೆಂದರೆ ಅವುಗಳಿಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಮೆಕ್ಯಾನಿಕ್ಕಿನ ಅರ್ಧ ದಿನವನ್ನು ನುಂಗಿದ ಕೆಲಸಕ್ಕೆ ಯಾವ ದಾಖಲೆಯೂ ಇಲ್ಲವೆಂದರೆ, ಮಾಲೀಕರ ಕಣ್ಣಿಗೆ ಆ ಅರ್ಧ ದಿನ ಸೋಮಾರಿತನವಾಗಿಯೇ ಕಾಣುತ್ತದೆ.

ಮೊದಲು ಮಾಡಿದ ಉಪಾಯ

ಹುಡುಗರಲ್ಲಿ ಉತ್ಸಾಹ ತುಂಬಲು ಮಾಲೀಕರು ಸಂಬಳದ ಮೇಲೆ ಗಾಡಿಗಿಷ್ಟು ಎಂದು ಹೆಚ್ಚಿನ ಹಣ ಘೋಷಿಸಿದರು. ಎರಡೇ ವಾರಗಳಲ್ಲಿ ಹೊರಹೋಗುವ ಗಾಡಿಗಳು ಹೆಚ್ಚಿದವು. ಮೂರನೆಯ ವಾರ ಅವುಗಳಲ್ಲಿ ಕೆಲವು ಮರಳಿ ಬರತೊಡಗಿದವು.

ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪಾಯ್ಲಟ್ ಒಬ್ಬರ ಬೈಕಿಗೆ ಹಿಂದಿನ ಬ್ರೇಕ್ ಲೈನರ್ ಬದಲಿಸಲಾಗಿತ್ತು. ಹೊಸ ಲೈನರ್ ಕೂರಿಸುವಾಗ ಡ್ರಮ್ಮಿನ ಒಳಗಿನ ಧೂಳು ತೆಗೆದು, ಲೈನರನ್ನು ಅಗಲಿಸುವ ಕ್ಯಾಮಿನ ತುಕ್ಕನ್ನು ಉಜ್ಜಿ ತೆಗೆದು ಅದಕ್ಕೆ ಒಂದು ಚಿಟಿಕೆ ಗ್ರೀಸ್ ಹಚ್ಚಬೇಕು. ಐದು ಹತ್ತು ನಿಮಿಷದ ಕೆಲಸ. ಮುಂದಿನ ಗಾಡಿಯ ಹಣ ಕಣ್ಣಮುಂದೆ ಇದ್ದುದರಿಂದ ಆ ನಿಮಿಷಗಳನ್ನು ಬಿಟ್ಟುಬಿಟ್ಟರು. ಮಳೆಗಾಲದ ಗೋವೆ, ಸಮುದ್ರದ ಉಪ್ಪುಗಾಳಿ ಬೇರೆ. ಮರುದಿನ ಬೆಳಿಗ್ಗೆ ಒತ್ತಿದ ಬ್ರೇಕು ಬಿಡಲಿಲ್ಲ, ಚಕ್ರ ಹಿಡಿದುಕೊಂಡಿತು. ವೇಗ ಕಡಿಮೆಯಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಪಾಯ್ಲಟ್ ಗಾಡಿಯನ್ನು ತಳ್ಳಿಕೊಂಡು ಬಂದರು. ಕೂಗಾಡಲಿಲ್ಲ. "ಪಾತ್ರಾಂವ್, ನಾನು ನಿಮ್ಮನ್ನು ನಂಬಿ ಇನ್ನೊಬ್ಬರ ಜೀವವನ್ನು ಹಿಂದೆ ಕೂರಿಸಿಕೊಳ್ಳುತ್ತೇನೆ" ಎಂದಷ್ಟೇ ಹೇಳಿದರು. ಪಾತ್ರಾಂವ್ ಎಂದರೆ ಕೊಂಕಣಿಯಲ್ಲಿ ಯಜಮಾನರೇ ಎಂದ ಹಾಗೆ.

ಮಾಲೀಕರು ಆ ತಿಂಗಳೇ ಗಾಡಿಲೆಕ್ಕದ ಹಣವನ್ನು ನಿಲ್ಲಿಸಿದರು. ಸರಿಯಾಗಿಯೇ ಮಾಡಿದರು. ರಿಪೇರಿಯಂಥ ಕೆಲಸದಲ್ಲಿ ಸಂಖ್ಯೆಗೆ ಹಣ ಕೊಟ್ಟರೆ, ಕಣ್ಣಿಗೆ ಕಾಣದ ಹಂತಗಳನ್ನು ಬಿಡಲು ಹಣ ಕೊಟ್ಟಂತೆ. ಡ್ರಮ್ಮಿನ ಒಳಗೆ ಗ್ರೀಸ್ ಇದೆಯೋ ಇಲ್ಲವೋ ಎಂದು ಯಾವ ಗಿರಾಕಿಯೂ ಬಿಚ್ಚಿ ನೋಡುವುದಿಲ್ಲ.

ಒಂದು ವಾರದ ನೋಟ್‌ಬುಕ್ಕು

ಆಮೇಲೆ ನಾವು ಮಾಡಿದ್ದು ತೀರಾ ಸರಳ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಗಾಡಿ ಬಂದ ಹೊತ್ತು, ಗಿರಾಕಿ ಹೇಳಿದ ದೋಷ, ನಾವು ಕೊಟ್ಟ ಗಡುವು, ಕೆಲಸ ಶುರುವಾದದ್ದು, ನಡುವೆ ನಿಂತಿದ್ದರೆ ಏಕೆ ನಿಂತಿತು, ಗಾಡಿ ಹೊರಟ ಹೊತ್ತು ಇವಿಷ್ಟನ್ನು ಒಂದು ವಾರ ಬರೆದಿಟ್ಟೆವು. ಬರೆಯುವ ಹೊಣೆಯನ್ನು ಕಲಿಯುವ ಹುಡುಗನಿಗೆ ಕೊಟ್ಟದ್ದು ಒಳ್ಳೆಯದಾಯಿತು. ಅವನಿಗೆ ಯಾರನ್ನೂ ರಕ್ಷಿಸುವ ಅಥವಾ ದೂರುವ ಕಾರಣವಿರಲಿಲ್ಲ.

ವಾರದ ಕೊನೆಗೆ ಆ ಪುಟಗಳನ್ನು ಎಲ್ಲರೂ ಕೂತು ಓದಿದಾಗ "ಮನಸ್ಸಿಲ್ಲ" ಎಂಬ ಮಾತಿಗೆ ಆಧಾರ ಉಳಿಯಲಿಲ್ಲ. ಹುಡುಗರು ಕೈಕಟ್ಟಿ ಕೂತಿದ್ದ ಹೊತ್ತಿನಲ್ಲಿ ಬಹುಪಾಲು ಕಾಯುತ್ತಿದ್ದ ಹೊತ್ತು. ಬಿಡಿಭಾಗ ಬರಲೆಂದು, ಗಿರಾಕಿಗೆ ಎಷ್ಟು ಹೇಳಬೇಕೆಂದು ಮಾಲೀಕರು ತೀರ್ಮಾನಿಸಲೆಂದು, ಬಿಗಿಯಾಗಿ ಕೂತ ಭಾಗಗಳನ್ನು ಎಳೆದು ತೆಗೆಯುವ, ಇರುವ ಒಂದೇ ಪುಲ್ಲರ್ ಇನ್ನೊಬ್ಬನ ಕೈಯಿಂದ ಬಿಡುವಾಗಲೆಂದು ಕಾಯುತ್ತಿದ್ದರು. ಇದರ ಜೊತೆಗೆ "ಒಂದು ನಿಮಿಷ ನೋಡಿ ಅಣ್ಣಾ" ಎಂದು ಬಂದು ನಿಲ್ಲುವ ಗಾಡಿಗಳು. ಅಂಥ ಪ್ರತಿ ಗಾಡಿಗೂ ಬಿಚ್ಚಿಟ್ಟ ಎಂಜಿನ್ನನ್ನು ಬಿಟ್ಟು ಎದ್ದುಹೋಗುತ್ತಿದ್ದವರು ಗ್ಯಾರೇಜಿನ ಅತ್ಯಂತ ಅನುಭವಿ ಮೆಕ್ಯಾನಿಕ್.

ಬಿಡಿಭಾಗದ ವಿಷಯದಲ್ಲಿ ಗೋವೆಯದೇ ಆದ ಒಂದು ಕಾರಣವಿತ್ತು, ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿ ಅದೇ. ಇಲ್ಲಿ ಬಹಳಷ್ಟು ಅಂಗಡಿಗಳು ಮಧ್ಯಾಹ್ನ ಒಂದರ ಸುಮಾರಿಗೆ ಬಾಗಿಲು ಹಾಕಿ, ಮೂರೂವರೆ ನಾಲ್ಕಕ್ಕೆ ಮತ್ತೆ ತೆರೆಯುತ್ತವೆ. ಗ್ಯಾರೇಜಿನಲ್ಲಿ ಬಂದ ಕ್ರಮದಲ್ಲಿ ಒಂದೊಂದೇ ಗಾಡಿಯನ್ನು ಬಿಚ್ಚುತ್ತಿದ್ದರು. ಹನ್ನೊಂದಕ್ಕೆ ಬಂದ ಸ್ಕೂಟರಿನ ಬೆಲ್ಟ್ ಸವೆದಿದೆ ಎಂದು ತಿಳಿಯುವಾಗ ಹನ್ನೆರಡು ಮುಕ್ಕಾಲು ಆಗಿರುತ್ತಿತ್ತು. ಬೆಲ್ಟ್ ಕೈಗೆ ಸಿಗುವುದು ನಾಲ್ಕಕ್ಕೆ. ಹುಬ್ಬಳ್ಳಿ ಅಥವಾ ಬೆಳಗಾವಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ತರಿಸಬೇಕಾದ ಭಾಗವಾದರೆ ಆ ದಿನ ಮುಗಿದಂತೆ. ಆದರೆ ಗಿರಾಕಿಗೆ ಬೆಳಿಗ್ಗೆಯೇ ಮಾತು ಕೊಟ್ಟಾಗಿತ್ತು: ಸಂಜೆ ಆರಕ್ಕೆ.

ಎಲ್ಲರಿಗೂ ಸಂಜೆ ಆರು. ಕೆಲಸ ಬಿಟ್ಟು ಜನ ಮರಳುವ ಹೊತ್ತು ಅದೇ ಆದ್ದರಿಂದ, ಕೇಳಿದವರಿಗೆಲ್ಲ ಮಾಲೀಕರು ಪ್ರೀತಿಯಿಂದ ಆರು ಗಂಟೆ ಎನ್ನುತ್ತಿದ್ದರು. ಪೂರ್ತಿ ಸರ್ವಿಸಿಗೆ ಒಂದೂವರೆ ತಾಸು ಬೇಕು, ಕ್ಲಚ್ಚೋ ಬೆಲ್ಟೋ ಆದರೆ ಇನ್ನೂ ಹೆಚ್ಚು. ಸ್ವತಂತ್ರವಾಗಿ ಕೆಲಸ ಮಾಡಬಲ್ಲವರು ಮೂವರು. ಒಬ್ಬರಿಂದ ದಿನಕ್ಕೆ ಐದರಂತೆ ಹದಿನೈದು ಗಾಡಿ ಎಂಬುದೇ ಹಿಗ್ಗಿಸಿದ ಲೆಕ್ಕ. ಅಂಗಳದಲ್ಲಿ ಅದಕ್ಕಿಂತ ಹೆಚ್ಚು ಗಾಡಿ ನಿಂತಿರುತ್ತಿದ್ದವು, ಪ್ರತಿಯೊಂದಕ್ಕೂ ಅದೇ ಗಡುವು. ಜಗಳ ಸಂಜೆ ನಡೆಯುತ್ತಿತ್ತು, ಅದರ ಬೀಜ ಬೆಳಿಗ್ಗೆ ಒಂಬತ್ತಕ್ಕೆ ಬೀಳುತ್ತಿತ್ತು.

ಹಿರಿಯ ಮೆಕ್ಯಾನಿಕ್ಕಿನ ಮೌನ

ನೋಟ್‌ಬುಕ್ಕು ಹೇಳದ ಒಂದು ಸಂಗತಿಯೂ ಇತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ಮಾನದಂಡ ಜಾರಿಗೆ ಬಂದ ಮೇಲೆ ಬಹುತೇಕ ಹೊಸ ಸ್ಕೂಟರು, ಬೈಕುಗಳಲ್ಲಿ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರ್ ಹೋಗಿ ಇಂಧನವನ್ನು ಅಳೆದು ಸಿಂಪಡಿಸುವ ಇಂಜೆಕ್ಟರ್ ಬಂತು. ಜೊತೆಗೆ ಸೆನ್ಸರುಗಳು, ಅವುಗಳ ಮಾತು ಕೇಳಿ ತೀರ್ಮಾನಿಸುವ ಕಂಪ್ಯೂಟರ್ ಡಬ್ಬಿ. ದೋಷ ಹುಡುಕಲು ಸ್ಕ್ಯಾನರ್ ಬೇಕು.

ನಮ್ಮ ಹಿರಿಯರು ಎಂಜಿನ್ನಿನ ವಾಲ್ವ್ ತೆರೆಯುವ ಟ್ಯಾಪೆಟ್ಟಿನ ಸದ್ದು ಕೇಳಿಯೇ ಎಷ್ಟು ಸಡಿಲವಾಗಿದೆ ಎಂದು ಹೇಳಬಲ್ಲವರು. ಕಾರ್ಬುರೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಎಂಜಿನ್ನಿನ ಉಸಿರನ್ನು ನೇರಗೊಳಿಸಬಲ್ಲವರು. ಹೊಸ ಗಾಡಿ ಬಂದಾಗ ಮಾಲೀಕರು "ಅದನ್ನು ಆ ಹುಡುಗನಿಗೆ ಬಿಡು, ನಿನಗೆ ತಿಳಿಯುವುದಿಲ್ಲ" ಎಂದು ಗಿರಾಕಿಯ ಎದುರೇ ಹೇಳುತ್ತಿದ್ದರು. ದುರುದ್ದೇಶವಿರಲಿಲ್ಲ, ಅವಸರವಿತ್ತು. ಆದರೆ ಆ ಮನುಷ್ಯ ದಿನೇದಿನೇ ಮೂಲೆ ಸೇರಿದರು. ತಡವಾಗಿ ಬರುವುದು, ಚಹಾಕ್ಕೆ ಹೋದವರು ಬೇಗ ಮರಳದಿರುವುದು, ಊರಿಗೆ ಹೋದರೆ ಎರಡು ದಿನ ಹೆಚ್ಚು ಉಳಿಯುವುದು. ಇವೆಲ್ಲವನ್ನೂ ಮಾಲೀಕರು ಸೋಮಾರಿತನದ ಖಾತೆಗೆ ಬರೆದುಕೊಂಡಿದ್ದರು.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗಿನ ಇನ್ನೂರಕ್ಕೂ ಹೆಚ್ಚು ಎಂಜಿನಿಯರುಗಳನ್ನು ಮತ್ತು ಲೆಕ್ಕಿಗರನ್ನು ಮಾತನಾಡಿಸಿ 1959ರಲ್ಲಿ ಪ್ರಕಟಿಸಿದ ನಿಲುವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಂಬಳ, ಮೇಲ್ವಿಚಾರಣೆ, ಕೆಲಸದ ಸ್ಥಳ ಕೆಟ್ಟದಾಗಿದ್ದರೆ ಜನ ಬೇಸರಗೊಳ್ಳುತ್ತಾರೆ. ಅವು ಸರಿಯಾದರೆ ಬೇಸರ ಹೋಗುತ್ತದೆಯೇ ಹೊರತು ಹುರುಪು ಬರುವುದಿಲ್ಲ. ಹುರುಪು ಬರುವುದು ಸಾಧನೆಯಿಂದ, ಮನ್ನಣೆಯಿಂದ, ಹೊಣೆಯಿಂದ, ಕೆಲಸದ ಒಳಗಿನ ಸತ್ವದಿಂದ ಎಂಬುದು ಅವರ ವಾದ. ಈ ಸಿದ್ಧಾಂತವನ್ನು ಪ್ರಶ್ನಿಸಿದವರೂ ಇದ್ದಾರೆ. ಆದರೂ ಸಂಬಳ ಒಂದು ರೂಪಾಯಿಯೂ ಕಡಿಮೆಯಾಗದೆ ಬಾಡಿಹೋದ ಈ ಮೆಕ್ಯಾನಿಕ್ಕನ್ನು ನೋಡಿದ ನನಗೆ ಅದರಲ್ಲಿ ಹುರುಳಿದೆ ಎನ್ನಿಸುತ್ತದೆ.

ಪರಿಹಾರವಾಗಿ ಹಿರಿಯರನ್ನೂ ಐಟಿಐ ಯುವಕನನ್ನೂ ಜೋಡಿ ಮಾಡಿದೆವು. ಸ್ಕ್ಯಾನರ್ ಹಚ್ಚುವವನು ಯುವಕ, ಏನು ಮಾಡಬೇಕೆಂದು ಕೊನೆಯ ಮಾತು ಹೇಳುವವರು ಹಿರಿಯರು. ಒಂದು ದಿನ ಸೆನ್ಸರ್ ಕೆಟ್ಟಿದೆ ಎಂದು ತೋರಿಸುತ್ತಿದ್ದ ಸ್ಕೂಟರನ್ನು ಮುಂದಿಟ್ಟುಕೊಂಡು ಯುವಕ, "ಕಾಕಾ, ಕೋಡ್ ಏನೋ ಬಂದಿದೆ, ಆದರೆ ಸೆನ್ಸರ್ ಹೋಗಿಲ್ಲ ಅನ್ನಿಸುತ್ತದೆ. ನೀವು ಒಮ್ಮೆ ವೈರ್ ನೋಡಿ" ಎಂದ. ಹಿರಿಯರು ವೈರಿಂಗಿನ ಗುಂಟ ಬೆರಳಾಡಿಸುತ್ತ ಹೋಗಿ ಕನೆಕ್ಟರ್ ಬಿಚ್ಚಿದರು. ಒಳಗೆ ಉಪ್ಪುಗಾಳಿಯ ಹಸಿರು ಕಿಲುಬು. ಉಜ್ಜಿ ಸ್ವಚ್ಛ ಮಾಡಿ ಕೂರಿಸಿದರೆ ಸ್ಕೂಟರಿನ ಎಚ್ಚರಿಕೆಯ ದೀಪ ಆರಿತು. ಗಿರಾಕಿಗೆ ಹೊಸ ಸೆನ್ಸರಿನ ಖರ್ಚು ಉಳಿಯಿತು. ಸ್ಕ್ಯಾನರ್ ದೋಷದ ಓಣಿಯನ್ನು ತೋರಿಸುತ್ತದೆ, ಮನೆಯನ್ನು ಹುಡುಕುವುದು ಅನುಭವವೇ. ಯುವಕ ಈಗ ಕಾಕಾನಿಂದ ಟ್ಯಾಪೆಟ್ ಕಲಿಯುತ್ತಿದ್ದಾನೆ. ಕಾಕಾ ತಡವಾಗಿ ಬರುವುದು ನಿಂತಿದೆ.

ಬದಲಾದ ದಿನಚರಿ

ಅತಿ ದೊಡ್ಡ ಬದಲಾವಣೆ ಇದು: ಮೊದಲು ಎಲ್ಲ ಗಾಡಿಗಳ ತಪಾಸಣೆ, ಆಮೇಲೆ ರಿಪೇರಿ. ಬೆಳಿಗ್ಗೆ ಬಂದ ಗಾಡಿಗಳನ್ನು ಹನ್ನೊಂದೂವರೆಯೊಳಗೆ ಹಿರಿಯರ ಜೋಡಿ ಪರೀಕ್ಷಿಸಿ ಆಯಾ ಗಾಡಿಯ ಕಾರ್ಡಿನಲ್ಲಿ ಬರೆಯುತ್ತದೆ. ಬೇಕಾದ ಭಾಗಗಳ ಒಂದೇ ಪಟ್ಟಿ ಹಿಡಿದು ಕಲಿಯುವ ಹುಡುಗ ಅಂಗಡಿಗೆ ಹೋಗಿ, ಬಾಗಿಲು ಹಾಕುವ ಮೊದಲೇ ಎಲ್ಲವನ್ನೂ ತರುತ್ತಾನೆ. ಮೊದಲು ದಿನವಿಡೀ ಅಂಗಡಿಗೆ ಓಡಾಡುತ್ತಿದ್ದವನು ಈಗ ಒಮ್ಮೆ ಹೋಗುತ್ತಾನೆ, ಉಳಿದ ಹೊತ್ತು ಕೆಲಸ ಕಲಿಯುತ್ತಾನೆ.

ಗಿರಾಕಿಗೆ ಗಡುವು ಕೊಡುವುದು ತಪಾಸಣೆಯ ನಂತರ. ಬೆಳಿಗ್ಗೆ ಹೇಳುವುದು "ಹನ್ನೆರಡಕ್ಕೆ ಫೋನ್ ಮಾಡಿ ಏನಾಗಿದೆ, ಎಷ್ಟಾಗುತ್ತದೆ, ಯಾವಾಗ ಸಿಗುತ್ತದೆ ಎಂದು ತಿಳಿಸುತ್ತೇವೆ" ಎಂದು ಮಾತ್ರ. ಫೋನ್ ಮಾಡುವವರು ಆ ಗಾಡಿಯ ಮೆಕ್ಯಾನಿಕ್ಕೇ. ಸಣ್ಣ ಮೊತ್ತದ ಕೆಲಸವನ್ನು ಮಾಲೀಕರನ್ನು ಕೇಳದೆ ಅವರೇ ತೀರ್ಮಾನಿಸಬಹುದು. ಇದಕ್ಕೆ ಮಾಲೀಕರು ಒಪ್ಪಲು ಸಾಕಷ್ಟು ಸಮಯ ಹಿಡಿಯಿತು. ಬೆಲೆ ಹೇಳುವ ಅಧಿಕಾರ ಬಿಟ್ಟುಕೊಟ್ಟರೆ ಅಂಗಡಿಯೇ ಕೈಬಿಟ್ಟುಹೋಗುತ್ತದೆ ಎಂಬ ಭಯ ಅವರಿಗೆ. ಆ ಭಯ ನನಗೆ ಅರ್ಥವಾಗುತ್ತದೆ, ಒಂದೊಂದು ರೂಪಾಯಿ ಕೂಡಿಸಿ ಕಟ್ಟಿದ ಜಾಗ ಅದು. ಕೊನೆಗೆ ಎಲ್ಲ ದರಗಳನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದಾಗ ಸಮಸ್ಯೆ ಅರ್ಧ ಕರಗಿತು. ದ್ವಿಚಕ್ರ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿದಾಗ, ಮಾಲೀಕರು ಬಿಡಿಭಾಗದ ಅಂಗಡಿಯ ಹೊಸ ಬಿಲ್ಲುಗಳಂತೆ ಆ ಹಾಳೆಯನ್ನು ತಿದ್ದಿಸಿದರು. ಕೇಳುವ ಮೊದಲೇ ಬೆಲೆ ಇಳಿಸಿದ್ದನ್ನು ಕಂಡ ಗಿರಾಕಿಗಳಿಗೆ ಬೇರೆ ಜಾಹೀರಾತು ಬೇಕಾಗಲಿಲ್ಲ.

ತೆಗೆದ ಹಳೆಯ ಭಾಗವನ್ನು ಚೀಲದಲ್ಲಿ ಹಾಕಿ ಗಾಡಿಯ ಜೊತೆ ಕೊಡುತ್ತಾರೆ. ಉಪಕರಣಗಳಿಗೆ ಗೋಡೆಯ ಮೇಲೆ ಹಲಗೆ ಬಂತು, ಇನ್ನೊಂದು ಪುಲ್ಲರ್ ಬಂತು. ಚಿಲ್ಲರೆ ಕೆಲಸಕ್ಕೆ ವಾರಕ್ಕೊಬ್ಬರ ಸರದಿ. ಉಳಿದವರನ್ನು ಯಾರೂ ಎಬ್ಬಿಸುವಂತಿಲ್ಲ, ಮಾಲೀಕರೂ ಕೂಡ.

ಮರಳಿ ಬಂದ ಗಾಡಿಯನ್ನು ಈಗ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಸಂಬಳ ಕಡಿತವಿಲ್ಲ, ಬೈಗುಳವಿಲ್ಲ. ಮೊದಲು ರಿಪೇರಿ ಮಾಡಿದವರೇ ಅದನ್ನು ಎಲ್ಲಕ್ಕಿಂತ ಮುಂಚೆ ಕೈಗೆತ್ತಿಕೊಳ್ಳಬೇಕು ಮತ್ತು ಕಾರಣವನ್ನು ತಮ್ಮ ಕೈಯಾರೆ ಬರೆಯಬೇಕು. ಬೆಳಗಿನ ಹತ್ತು ನಿಮಿಷದ ಮಾತುಕತೆಯಲ್ಲಿ ಆ ಸಾಲನ್ನು ಓದುತ್ತಾರೆ. ದಂಡ ಹಾಕಿದ್ದರೆ ಕಾರಣಗಳು ಮುಚ್ಚಿಹೋಗುತ್ತಿದ್ದವು. ಬ್ರೇಕಿನ ಕ್ಯಾಮಿಗೆ ಗ್ರೀಸ್ ಹಚ್ಚಬೇಕೆಂಬ ಸಾಲು ಕಾರ್ಡಿನ ಮೇಲೆ ಅಚ್ಚಾದದ್ದು ಇದರಿಂದಲೇ.

ಪಾಯ್ಲಟರಿಗೆ ಮಾತ್ರ ಈ ಯಾವ ವ್ಯವಸ್ಥೆಯೂ ಒಗ್ಗಲಿಲ್ಲ. ದಿನವಿಡೀ ಗಾಡಿ ಬಿಟ್ಟುಹೋಗಲು ಅವರಿಂದ ಆಗದು, ಹನ್ನೆರಡರ ಫೋನಿಗೆ ಕಾಯುವಷ್ಟು ಬಿಡುವೂ ಇರದು. ದಾರಿ ತೋರಿಸಿದವರು ಬ್ರೇಕ್ ಹಿಡಿದ ಅದೇ ಪಾಯ್ಲಟ್. ಅಂಗಡಿಗಳು ಮುಚ್ಚಿ ರಸ್ತೆಗಳು ಖಾಲಿಯಾಗುವ ಮಧ್ಯಾಹ್ನ ತಮಗೂ ಬಾಡಿಗೆ ಕಡಿಮೆ, ಆಗ ನೋಡಿ ಕೊಡುತ್ತೀರಾ ಎಂದು ಕೇಳಿದರು. ಬಿಡಿಭಾಗ ಸಿಗದೆ ಗ್ಯಾರೇಜು ಸೊರಗುತ್ತಿದ್ದ ಹೊತ್ತೂ ಅದೇ. ಈಗ ಎರಡರಿಂದ ನಾಲ್ಕರವರೆಗೆ ಪಾಯ್ಲಟರ ಸಮಯ. ಲೈನರ್, ಕೇಬಲ್, ಎಂಜಿನ್ ಆಯಿಲ್, ಪ್ಲಗ್ಗಿನಂಥ ಅವರಿಗೆ ಸದಾ ಬೇಕಾಗುವ ಸಾಮಾನುಗಳನ್ನು ಗ್ಯಾರೇಜಿನಲ್ಲೇ ದಾಸ್ತಾನು ಇಟ್ಟಿದ್ದಾರೆ. ಮಧ್ಯಾಹ್ನದ ಪಾಳಿಗೆ ಬರುವವರು ಹನ್ನೆರಡೂವರೆಗೇ ಊಟ ಮುಗಿಸುತ್ತಾರೆ. ಗಿರಾಕಿ ಕೊಂಕಣಿಯಲ್ಲಿ ಏನಾದರೂ ಕೇಳಿದರೆ ಮಾಲೀಕರತ್ತ ಬೆರಳು ತೋರಿಸುತ್ತಿದ್ದ ಹುಡುಗ ಪಾಯ್ಲಟರ ಜೊತೆ ಕೂತೇ ಕೊಂಕಣಿ ಕಲಿತ.

ಫಲ, ಮತ್ತು ಬಗೆಹರಿಯದವು

ಮೊದಲ ತಿಂಗಳು ಆದಾಯ ಇಳಿಯಿತು. ಸಾಮರ್ಥ್ಯ ಮೀರಿದ ಗಾಡಿಗಳನ್ನು ನಾಳೆ ತನ್ನಿ ಎಂದು ಕಳಿಸತೊಡಗಿದ್ದರು, ಕೆಲವರು ನಾಳೆ ಬರಲೇ ಇಲ್ಲ. ಮಾಲೀಕರು ಆಗ ಎಲ್ಲವನ್ನೂ ಬಿಟ್ಟು ಹಳೆಯ ರೀತಿಗೆ ಮರಳಲು ಸಿದ್ಧರಿದ್ದರು. ಆ ಹೊತ್ತಿಗೆ ಕೆಂಪು ಸಾಲುಗಳು ವಿರಳವಾಗುತ್ತಿದ್ದುದನ್ನು ನೋಟ್‌ಬುಕ್ಕಿನಲ್ಲಿ ತೋರಿಸದಿದ್ದರೆ ಅವರನ್ನು ತಡೆಯಲು ನನ್ನ ಬಳಿ ಬೇರೇನೂ ಇರಲಿಲ್ಲ. ಆಮೇಲೆ ಪೂರ್ತಿ ಸರ್ವಿಸಿನ ಬಿಲ್ಲುಗಳು ಚೇತರಿಸಿಕೊಂಡು ಹಿಂದಿನ ಮಟ್ಟವನ್ನು ಸ್ವಲ್ಪ ದಾಟಿದವು. ಸಂಜೆಯ ಜಗಳ ನಿಂತಿತು. ಬಿಟ್ಟುಹೋದ ಪಾಯ್ಲಟರಲ್ಲಿ ಎಲ್ಲರೂ ಮರಳಲಿಲ್ಲ, ಹಲವರು ಮರಳಿದರು.

ಮೂವತ್ತರ ಆ ಮೆಕ್ಯಾನಿಕ್ ಇಷ್ಟೆಲ್ಲದರ ನಂತರವೂ ಕೆಲಸ ಬಿಡುವುದಾಗಿ ಹೇಳಿದ್ದಾನೆ. ಝುವಾರಿನಗರದಲ್ಲಿ ಸ್ವಂತ ಗ್ಯಾರೇಜು ತೆರೆಯುತ್ತಾನಂತೆ. ಮಾಲೀಕರಿಗೆ ನೋವಾಗಿದೆ. ಆದರೆ ಒಳ್ಳೆಯ ಕೆಲಸಗಾರ ಸ್ವಂತದ್ದನ್ನು ಬಯಸುವುದು ವ್ಯವಸ್ಥೆಯ ಸೋಲು ಎಂದು ನಾನು ಒಪ್ಪುವುದಿಲ್ಲ. ಮಾಲೀಕರೂ ಹೀಗೆಯೇ ಹೊರಬಂದವರು. ತಮ್ಮ ಸಾಮರ್ಥ್ಯ ಮೀರಿದ ಗಾಡಿಗಳನ್ನು ಅವನಿಗೆ ಕಳಿಸಿಕೊಡುವ ಬಗ್ಗೆ ಮಾತುಕತೆ ನಡೆದಿದೆ.

ಒಂದು ವಿಷಯದಲ್ಲಿ ಮಾಲೀಕರಿಗೂ ನನಗೂ ಇನ್ನೂ ಒಮ್ಮತವಿಲ್ಲ. ಬೆಳಿಗ್ಗೆ ತಡವಾಗಿ ಬಂದವರಿಗೆ ಅವರು ಈಗಲೂ ದಂಡ ಹಾಕುತ್ತಾರೆ. ಭಾನುವಾರದ ರಜೆಯನ್ನು ಖಾತ್ರಿ ಮಾಡಿದ್ದಾರೆ, ಯುಗಾದಿಗೋ ದೀಪಾವಳಿಗೋ ಊರಿಗೆ ಹೋಗುವವರ ಸರದಿಯನ್ನು ಮುಂಚಿತವಾಗಿ ಬರೆದಿಡುತ್ತಾರೆ. ಇಷ್ಟು ಮಾಡಿದವರಿಗೆ ದಂಡದ ಅಗತ್ಯವಿಲ್ಲ ಎಂಬುದು ನನ್ನ ನಿಲುವು. ತಡವಾದದ್ದಕ್ಕೂ ಕೆಂಪು ಶಾಯಿಯ ರೀತಿಯಲ್ಲೇ ಕಾರಣ ಬರೆಸಿ ನೋಡಿ ಎಂದಿದ್ದೇನೆ. ಚೌತಿಯ ಗದ್ದಲ ಮುಗಿದ ಮೇಲೆ ಒಂದು ತಿಂಗಳು ಹಾಗೆ ಮಾಡಿ ನೋಡಲು ಒಪ್ಪಿದ್ದಾರೆ.